ನೀವೊಬ್ಬರೇ ಅಲ್ಲ: ಸ್ತನ ಕ್ಯಾನ್ಸರ್ ಮತ್ತು ಪರಸ್ಪರ ಆಸರೆ



ಪ್ರತಿ ವರ್ಷ ನಮ್ಮ ದೇವಸ್ಥಾನದ ಆರೋಗ್ಯ ಶಿಬಿರದ ಕೈಪಿಡಿಯಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಲೆಸ್ಟರಾಲ್ ಬಗ್ಗೆ ಬರೆಯುತ್ತೇವೆ. ಈ ವರ್ಷ ಇದೊಂದು ಪಾಠವನ್ನೂ ಸೇರಿಸಿ ಎಂದು ನಾನೇ ಸಮಿತಿಯವರನ್ನು ಕೇಳಿಕೊಂಡೆ. ಅದಕ್ಕೆ ಕಾರಣವಿದೆ.

ಕಳೆದ ವರ್ಷ ನಾನು ಬಿಪಿ ನೋಡುವ ಮೇಜಿನಲ್ಲಿ ಕೂತಿದ್ದೆ. ಒಬ್ಬರು ಬಲಗೈ ಮುಂದೆ ಚಾಚಿ, "ಎಡಗೈಗೆ ಪಟ್ಟಿ ಕಟ್ಟಬೇಡಿ ಡಾಕ್ಟ್ರೇ" ಎಂದರು. ನಾನು ಮುಖ ನೋಡಿದೆ. ಅವರು ದನಿ ತಗ್ಗಿಸಿ, "ಆ ಕಡೆ ಆಪರೇಷನ್ ಆಗಿದೆ. ಇಲ್ಲಿ ಯಾರಿಗೂ ಹೇಳಿಲ್ಲ. ನಮ್ಮವರಲ್ಲಿ ಇದು ಬಂದಿರೋದು ನನಗೊಬ್ಬಳಿಗೇ ಅನ್ಸುತ್ತೆ" ಎಂದರು. ಅಂದು ಸಂಜೆಯೊಳಗೆ ಇನ್ನೂ ಇಬ್ಬರು ಹೆಚ್ಚುಕಡಿಮೆ ಇದೇ ಮಾತು ಹೇಳಿದರು. ಮೂವರೂ ಒಬ್ಬರಿಗೊಬ್ಬರು ಪರಿಚಯದವರು. ಹಬ್ಬ ಬಂದರೆ ಒಂದೇ ಸೇವೆಗೆ ಕೈ ಜೋಡಿಸುವವರು. ಯಾರಿಗೂ ಇನ್ನಿಬ್ಬರ ವಿಷಯ ಗೊತ್ತಿಲ್ಲ. ಮೂವರ ವಿಷಯವೂ ನನಗೆ ಗೊತ್ತು, ಆದರೆ ವೈದ್ಯೆಯಾಗಿ ಒಬ್ಬರ ಗುಟ್ಟನ್ನು ಇನ್ನೊಬ್ಬರಿಗೆ ಹೇಳುವ ಹಾಗಿಲ್ಲ. ಇಂಗ್ಲಿಷಿನ ಒಂದು ಕರಪತ್ರ ಕೊಟ್ಟು ಕಳಿಸಿದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

(ಗುರುತು ಸಿಗದಿರಲೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮೂವರೂ ಈ ಬರಹವನ್ನು ಓದಿ ಒಪ್ಪಿಗೆ ಕೊಟ್ಟ ಮೇಲೆಯೇ ಅಚ್ಚಿಗೆ ಕೊಟ್ಟಿದ್ದೇವೆ.)

1. ಇದು ಅಪರೂಪದ ಕಾಯಿಲೆಯಲ್ಲ

2022ರಲ್ಲಿ ಪ್ರಪಂಚದಾದ್ಯಂತ ಸುಮಾರು 23 ಲಕ್ಷ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಪತ್ತೆಯಾಯಿತು. ಅಮೆರಿಕದಲ್ಲಿ ಸರಾಸರಿ ಎಂಟು ಮಹಿಳೆಯರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಎಂದಾದರೊಮ್ಮೆ ಇದು ಬರುತ್ತದೆ. ಭಾರತದಲ್ಲಿಯೂ ಮಹಿಳೆಯರಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಇದೇ. ಪಾಶ್ಚಾತ್ಯ ಮಹಿಳೆಯರಿಗೆ ಹೋಲಿಸಿದರೆ ಭಾರತದ ಮಹಿಳೆಯರಲ್ಲಿ ಇದು ಚಿಕ್ಕ ವಯಸ್ಸಿನಲ್ಲೇ ಕಾಣಿಸಿಕೊಳ್ಳುವುದು ಹೆಚ್ಚು. ಮಕ್ಕಳು ಇನ್ನೂ ಶಾಲೆಗೆ ಹೋಗುತ್ತಿರುವಾಗ, ಮನೆಯ ಸಾಲ ಇನ್ನೂ ತೀರದಿರುವಾಗ ಬರುತ್ತದೆ.

ಹಾಗಿದ್ದೂ ನಮ್ಮಲ್ಲಿ ಇದರ ಮಾತೇ ಕೇಳಿಬರುವುದಿಲ್ಲ. "ಮಗಳ ಮದುವೆಗೆ ತೊಂದರೆಯಾದರೆ?" "ಊರಲ್ಲಿ ಅಮ್ಮನಿಗೆ ಗೊತ್ತಾದರೆ ಅವರೇ ಹಾಸಿಗೆ ಹಿಡಿಯುತ್ತಾರೆ." "ಗಂಡನ ಆಫೀಸಿನ ವಿಮೆಯ ಮೇಲಿದ್ದೇವೆ, ಕೆಲಸಕ್ಕೆ ತೊಂದರೆಯಾಗಬಾರದು." "ಎಲ್ಲರೂ ಅಯ್ಯೋ ಪಾಪ ಅನ್ನುತ್ತಾರೆ." ಈ ಭಯಗಳನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ವೀಡಿಯೊ ಕರೆಯಲ್ಲಿ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು, "ಇಲ್ಲಿ ತುಂಬ ಚಳಿ ಅಮ್ಮಾ" ಎಂದು ಆರು ತಿಂಗಳು ಸುಳ್ಳು ಹೇಳಿ ದಿನ ದೂಡುವುದು ಕೀಮೋಗಿಂತ ಕಷ್ಟ ಎಂದು ಒಬ್ಬರು ನನಗೆ ಹೇಳಿದ್ದಾರೆ.

ಮೌನದಿಂದ ಇನ್ನೊಂದು ನಷ್ಟವೂ ಇದೆ. ಸ್ತನ ಕ್ಯಾನ್ಸರ್‌ಗಳಲ್ಲಿ ಶೇಕಡಾ 5ರಿಂದ 10ರಷ್ಟು ವಂಶವಾಹಿನಿಯಲ್ಲಿ ಬರುವಂಥವು. ತಾಯಿಗೆ, ಅಕ್ಕನಿಗೆ ಬಂದಿತ್ತು ಎಂಬುದು ಗೊತ್ತಿದ್ದರೆ ಮಗಳ, ತಂಗಿಯ ತಪಾಸಣೆಯನ್ನು ಬೇಗ ಶುರುಮಾಡಬಹುದು. ಬೇರೆ ಯಾರಿಗೆ ಹೇಳದಿದ್ದರೂ ರಕ್ತಸಂಬಂಧಿಗಳಿಗೆ ದಯವಿಟ್ಟು ಹೇಳಿ.

2. ಒಬ್ಬ ಮಹಿಳೆ ಶುರುಮಾಡಿದ ಕೆಲಸ

1952ರಲ್ಲಿ ನ್ಯೂಯಾರ್ಕ್‌ನ ಟೆರೀಸ್ ಲ್ಯಾಸರ್ ಎಂಬವರಿಗೆ ಸ್ತನ ಕ್ಯಾನ್ಸರ್ ಬಂತು. ಆಗಿನ ಆಪರೇಷನ್‌ನಲ್ಲಿ ಸ್ತನದ ಜೊತೆ ಎದೆಯ ಸ್ನಾಯುಗಳನ್ನೂ ತೆಗೆಯುತ್ತಿದ್ದರು. ಡಾಕ್ಟರು ಕಾಯಿಲೆ ತೆಗೆದರು, ಆದರೆ ಲ್ಯಾಸರ್ ಅವರ ಮನಸ್ಸಿನಲ್ಲಿದ್ದ ಪ್ರಶ್ನೆಗಳು ಬೇರೆ. ಕೈಯನ್ನು ಮತ್ತೆ ಮೇಲೆತ್ತಲು ಆಗುತ್ತದೆಯೇ? ಯಾವ ಬಟ್ಟೆ ಹಾಕಿಕೊಳ್ಳಬೇಕು? ಗಂಡನಿಗೆ, ಮಕ್ಕಳಿಗೆ ಏನು ಹೇಳಬೇಕು? ಇವಕ್ಕೆ ಉತ್ತರ ಕೊಡುವವರೇ ಇರಲಿಲ್ಲ. ಚೇತರಿಸಿಕೊಂಡ ಮೇಲೆ ಅವರೇ ಆಸ್ಪತ್ರೆಗಳಿಗೆ ಹೋಗಿ, ಆಗಷ್ಟೇ ಆಪರೇಷನ್ ಆದ ಮಹಿಳೆಯರ ಪಕ್ಕದಲ್ಲಿ ಕೂತು ಮಾತಾಡತೊಡಗಿದರು. ಕೈಗೆ ವ್ಯಾಯಾಮ ಮಾಡಲು ಒಂದು ಚೆಂಡು, ಒಂದು ಹಗ್ಗ, ಹತ್ತಿ ತುಂಬಿದ ತಾತ್ಕಾಲಿಕ ಸ್ತನ, ಇಷ್ಟನ್ನು ಜೊತೆಗೆ ಒಯ್ಯುತ್ತಿದ್ದರು.

'ರೀಚ್ ಟು ರಿಕವರಿ' ಎಂಬ ಈ ಕೆಲಸವನ್ನು 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ತನ್ನದಾಗಿಸಿಕೊಂಡಿತು. ಈ ಕಾಯಿಲೆಯನ್ನು ತಾವೇ ದಾಟಿ ಬಂದ ಸ್ವಯಂಸೇವಕರು ಹೊಸಬರ ಜೊತೆ ಮಾತಾಡುವುದು ಇಂದಿಗೂ ನಡೆದಿದೆ.

3. ಸಂಶೋಧನೆ ಏನು ಹೇಳುತ್ತದೆ?

ಇಲ್ಲಿ ಸ್ವಲ್ಪ ಎಚ್ಚರಿಕೆಯಿಂದ ಓದಿ. 1989ರಲ್ಲಿ ಸ್ಟ್ಯಾನ್‌ಫರ್ಡ್‌ನ ಡೇವಿಡ್ ಸ್ಪೀಗಲ್ ಮತ್ತು ಸಂಗಡಿಗರು, ಕ್ಯಾನ್ಸರ್ ದೇಹದ ಬೇರೆಡೆಗೆ ಹರಡಿದ್ದ 86 ಮಹಿಳೆಯರ ಅಧ್ಯಯನವನ್ನು ಪ್ರಕಟಿಸಿದರು. ವಾರಕ್ಕೊಮ್ಮೆ ಗುಂಪಿನಲ್ಲಿ ಕೂತು ಮಾತಾಡಿದವರು ಉಳಿದವರಿಗಿಂತ ಸರಾಸರಿ ಒಂದೂವರೆ ವರ್ಷ ಹೆಚ್ಚು ಬದುಕಿದ್ದರು. ಸುದ್ದಿ ಎಲ್ಲೆಡೆ ಹರಡಿತು. ಆದರೆ 2001ರಲ್ಲಿ ಕೆನಡಾದ ಪಮೇಲಾ ಗುಡ್‌ವಿನ್ ಮತ್ತು ಸಂಗಡಿಗರು 235 ಮಹಿಳೆಯರ ಮೇಲೆ ನಡೆಸಿದ ದೊಡ್ಡ ಅಧ್ಯಯನದಲ್ಲಿ ಆಯಸ್ಸು ಹೆಚ್ಚಾದದ್ದು ಕಾಣಲಿಲ್ಲ. 2007ರಲ್ಲಿ ಸ್ಪೀಗಲ್ ಅವರೇ ಮತ್ತೆ ಪ್ರಯತ್ನಿಸಿ ಪ್ರಕಟಿಸಿದ ಅಧ್ಯಯನದಲ್ಲೂ ಒಟ್ಟಾರೆಯಾಗಿ ಆ ಲಾಭ ಸಿಗಲಿಲ್ಲ.

ಹಾಗಾದರೆ ಗುಂಪಿನಿಂದ ಪ್ರಯೋಜನವಿಲ್ಲವೇ? ಇದೆ. ಅದೇ 2001ರ ಅಧ್ಯಯನದಲ್ಲಿ ಗುಂಪಿಗೆ ಬಂದವರ ಮನಸ್ಸಿನ ಸಂಕಟ ಮತ್ತು ನೋವು ಕಡಿಮೆಯಿತ್ತು. ಮೊದಲೇ ಹೆಚ್ಚು ಕುಗ್ಗಿಹೋಗಿದ್ದವರಿಗೆ ಹೆಚ್ಚು ಲಾಭವಾಗಿತ್ತು.

ಇದರಿಂದ ಎರಡು ಪಾಠ. ಒಂದು, ಗೆಳತಿಯರ ಮಾತು ಆಪರೇಷನ್, ಕೀಮೋ, ರೇಡಿಯೇಷನ್, ಮಾತ್ರೆಗಳ ಜಾಗಕ್ಕೆ ಬರುವುದಿಲ್ಲ. ಎರಡು, ಕಾಯಿಲೆ ಮರುಕಳಿಸಿದರೆ ಅದು "ಧೈರ್ಯ ಸಾಲದ್ದಕ್ಕೆ", "ಪಾಸಿಟಿವ್ ಆಗಿ ಇಲ್ಲದ್ದಕ್ಕೆ" ಬಂದದ್ದಲ್ಲ. ಅತ್ತರೆ ಕ್ಯಾನ್ಸರ್ ಬೆಳೆಯುವುದಿಲ್ಲ. ಅಳಬೇಕೆನಿಸಿದರೆ ಅಳಿ.

4. ಅನುಭವಿಸಿದವರಷ್ಟೇ ಕೊಡಬಲ್ಲದ್ದು

ನಾನು ಡಾಕ್ಟರಾಗಿ 25 ವರ್ಷ ದಾಟಿದೆ. ಆದರೂ ಈ ಕೆಳಗಿನವುಗಳಲ್ಲಿ ಹಲವನ್ನು ಕಲಿತದ್ದು ರೋಗಿಗಳಿಂದಲೇ.

• ಬಳೆ ಬಿಗಿಯಾದರೆ ಗಮನಿಸಿ. ಕಂಕುಳಿನ ಗ್ರಂಥಿಗಳನ್ನು ತೆಗೆದ ಕಡೆಯ ಕೈ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ನಂತರವೂ ಊದಿಕೊಳ್ಳಬಹುದು. ಬಳೆ, ಉಂಗುರ, ರವಿಕೆಯ ತೋಳು ಬಿಗಿಯಾಗುವುದು ಅದರ ಮೊದಲ ಸೂಚನೆ. ಬೇಗ ಹೇಳಿದರೆ ಚಿಕಿತ್ಸೆ ಸುಲಭ.

• ಆಪರೇಷನ್ ಆದ ಮೊದಲ ವಾರಗಳಿಗೆ ಮುಂದೆ ಗುಂಡಿ ಇರುವ ನೈಟಿ, ಅಂಗಿಗಳನ್ನು ತೆಗೆದಿಡಿ. ಕೈ ಮೇಲೆತ್ತಿ ಹಾಕಿಕೊಳ್ಳುವ ಬಟ್ಟೆ ಆಗುವುದಿಲ್ಲ. ಕೃತಕ ಸ್ತನ ಇಟ್ಟುಕೊಳ್ಳಲು ರವಿಕೆಯ ಒಳಗೆ ಜೇಬು ಹೊಲಿಸಬಹುದು.

• ಹಲವು ಬಗೆಯ ಕೀಮೋಗಳಲ್ಲಿ ಮೊದಲ ಸಲದ ಎರಡು ಮೂರು ವಾರಕ್ಕೆ ಕೂದಲು ಉದುರತೊಡಗುತ್ತದೆ. ಅದಕ್ಕೆ ಮೊದಲೇ ಗಿಡ್ಡ ಮಾಡಿಸಿಕೊಂಡರೆ ಆಘಾತ ಕಡಿಮೆ ಎನ್ನುವವರಿದ್ದಾರೆ. ಕೀಮೋ ಮುಗಿದ ಮೇಲೆ ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ.

• ಬಾಯಿ ರುಚಿ ಕೆಟ್ಟಾಗ ತಿಳಿಸಾರು, ಗಂಜಿ, ಮೊಸರನ್ನ ಇಳಿಯುತ್ತವೆ. ಒಂದೇ ಸಲ ತಟ್ಟೆ ತುಂಬ ಬಡಿಸಬೇಡಿ, ಸ್ವಲ್ಪ ಸ್ವಲ್ಪವಾಗಿ ಆಗಾಗ ಕೊಡಿ.

• ಟಮಾಕ್ಸಿಫೆನ್‌ನಂಥ ಮಾತ್ರೆಗಳನ್ನು 5 ವರ್ಷ, ಕೆಲವರು 10 ವರ್ಷ ನುಂಗಬೇಕಾಗುತ್ತದೆ. ಮೈ ಬಿಸಿಯೇರುವುದು, ಕೀಲುನೋವು ತಾಳಲಾರದೆ ಎಷ್ಟೋ ಜನ ಯಾರಿಗೂ ಹೇಳದೆ ನಿಲ್ಲಿಸಿಬಿಡುತ್ತಾರೆ. ಇದು ಅಪಾಯ. "ನನಗೂ ಹೀಗೇ ಆಗಿತ್ತು, ಡಾಕ್ಟರಿಗೆ ಹೇಳಿದೆ, ಮಾತ್ರೆ ಬದಲಿಸಿದರು" ಎಂದು ಗೆಳತಿ ಹೇಳುವ ಒಂದು ಮಾತು ಇಲ್ಲಿ ನಿಜಕ್ಕೂ ಜೀವ ಉಳಿಸಬಹುದು.

• 1998ರ ಕಾನೂನಿನ ಪ್ರಕಾರ, ಸ್ತನ ತೆಗೆಯುವ ಆಪರೇಷನ್‌ಗೆ ಹಣ ಕೊಡುವ ಹೆಚ್ಚಿನ ವಿಮಾ ಯೋಜನೆಗಳು ಸ್ತನದ ಮರುರಚನೆ, ಕೃತಕ ಸ್ತನ, ಕೈ ಊತದ ಚಿಕಿತ್ಸೆಗಳಿಗೂ ಕೊಡಬೇಕು. ಮೊದಲು ಇಲ್ಲವೆಂದರೆ ಮತ್ತೆ ಕೇಳಿ.

5. ಆಸರೆಯಾಗುವವರು ಪಾಲಿಸಬೇಕಾದ ನಿಯಮಗಳು

ಒಂದು: ಕೇಳಿದ್ದು ಅಲ್ಲೇ ಇರಲಿ. ಗಂಡನಿಗೂ ಹೇಳಬೇಡಿ. ಒಂದು ಸಲ ಗುಟ್ಟು ಹೊರಬಿದ್ದರೆ ಮತ್ತೆ ಯಾರೂ ಬಾಯಿ ಬಿಡುವುದಿಲ್ಲ.

ಎರಡು: ಚಿಕಿತ್ಸೆಗಳನ್ನು ಹೋಲಿಸಬೇಡಿ. ಸ್ತನ ಕ್ಯಾನ್ಸರ್ ಒಂದೇ ಕಾಯಿಲೆಯಲ್ಲ. ಗಡ್ಡೆಯಲ್ಲಿ ಹಾರ್ಮೋನ್ ಗ್ರಾಹಕಗಳಿವೆಯೇ, ಹರ್-2 ಪ್ರೋಟೀನ್ ಹೆಚ್ಚಿದೆಯೇ, ಎಷ್ಟು ಹರಡಿದೆ ಎಂಬುದರ ಮೇಲೆ ಚಿಕಿತ್ಸೆ ಬದಲಾಗುತ್ತದೆ. "ನನಗೆ ಕೀಮೋ ಬೇಡವೆಂದರು, ನಿಮಗ್ಯಾಕೆ?" ಎಂಬ ಪ್ರಶ್ನೆ ಒಳ್ಳೆಯ ಮನಸ್ಸಿನಿಂದ ಕೇಳಿದರೂ ಕೆಡುಕು ಮಾಡುತ್ತದೆ.

ಮೂರು: ಮನೆಮದ್ದು ಹೇಳಬೇಡಿ. ಸಾರಿಗೆ ಹಾಕುವ ಅರಿಶಿನಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ಅರಿಶಿನದ ಸತ್ವದ ಕ್ಯಾಪ್ಸೂಲ್‌ಗಳು ಟಮಾಕ್ಸಿಫೆನ್‌ನ ಮಟ್ಟವನ್ನು ರಕ್ತದಲ್ಲಿ ಇಳಿಸಬಹುದು. ಯಾವ ಕಷಾಯವಾಗಲಿ, ಚೂರ್ಣವಾಗಲಿ, ಮೊದಲು ಕ್ಯಾನ್ಸರ್ ಡಾಕ್ಟರನ್ನು ಕೇಳಿ.

ನಾಲ್ಕು: ಹೆಚ್ಚು ಕೇಳಿಸಿಕೊಳ್ಳಿ, ಕಡಿಮೆ ಮಾತಾಡಿ. ನಿಮ್ಮ ಕಥೆಯನ್ನು ಅವರು ಕೇಳಿದಾಗ ಮಾತ್ರ ಹೇಳಿ.

ಐದು: ಕಾಯಿಲೆ ಹರಡಿದ ಹಂತದಲ್ಲಿರುವವರಿಗೆ "ಎಲ್ಲ ಸರಿಹೋಗುತ್ತದೆ" ಎನ್ನಬೇಡಿ. ಅವರದು ಮುಗಿಯುವ ಚಿಕಿತ್ಸೆಯಲ್ಲ, ಜೊತೆಯಲ್ಲೇ ಇರುವ ಚಿಕಿತ್ಸೆ. ಸಾಧ್ಯವಾದರೆ ಅದೇ ಹಂತದಲ್ಲಿರುವ ಇನ್ನೊಬ್ಬರ ಜೊತೆ ಮಾತಾಡುವ ಅವಕಾಶ ಮಾಡಿಕೊಡಿ.

6. ಮಾತು ಸಾಲದಾದಾಗ

ಕೀಮೋ ನಡೆಯುತ್ತಿರುವಾಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಫೋನ್ ಮಾಡಿ. ಟೈಲೆನಾಲ್ ನುಂಗಿ ಬೆಳಗಾಗಲಿ ಎಂದು ಕಾಯಬೇಡಿ.

ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆ, ಊಟ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ಡಾಕ್ಟರಿಗೆ ಹೇಳಿ. ಅದಕ್ಕೂ ಚಿಕಿತ್ಸೆಯಿದೆ. ಬದುಕೇ ಬೇಡ ಎನಿಸಿದರೆ ತಡಮಾಡದೆ 988ಕ್ಕೆ ಕರೆ ಮಾಡಿ. ಅಮೆರಿಕನ್ ಕ್ಯಾನ್ಸರ್ ಸೊಸೈಟಿಯ ಸಹಾಯವಾಣಿ 1-800-227-2345 ಹಗಲೂ ರಾತ್ರಿ ತೆರೆದಿರುತ್ತದೆ.

7. ಉಳಿದ ನಮಗೆಲ್ಲ

ಕ್ಯಾನ್ಸರ್ ಅಂಟುರೋಗವಲ್ಲ, ಅಮಂಗಳವೂ ಅಲ್ಲ. ಕೂದಲಿಲ್ಲ ಎಂದು ಅರಿಶಿನ ಕುಂಕುಮಕ್ಕೆ ಕರೆಯದೆ ಬಿಡಬೇಡಿ. ಕರೆಯಿರಿ, ಬರುವುದು ಬಿಡುವುದು ಅವರಿಗೆ ಬಿಟ್ಟದ್ದು. "ಯಾವ ಜನ್ಮದ ಕರ್ಮವೋ" ಎಂಬ ಮಾತು ನಮ್ಮ ಬಾಯಲ್ಲಿ ಬರದಿರಲಿ. "ಏನಾದರೂ ಬೇಕಿದ್ದರೆ ಹೇಳಿ" ಎನ್ನುವ ಬದಲು "ಗುರುವಾರ ಮಕ್ಕಳನ್ನು ಸ್ವಿಮ್ಮಿಂಗ್ ಕ್ಲಾಸಿಗೆ ನಾನು ಬಿಡುತ್ತೇನೆ" ಎನ್ನಿ. ನೆಗಡಿ, ಕೆಮ್ಮು ಇದ್ದಾಗ ಅವರ ಮನೆಗೆ ಹೋಗಬೇಡಿ, ಅಡುಗೆ ಬಾಗಿಲಲ್ಲಿಟ್ಟು ಬನ್ನಿ. ಗಂಡಂದಿರೇ, ನೀವೂ ಒಬ್ಬ ಸ್ನೇಹಿತನಿಗೆ ಹೇಳಿಕೊಳ್ಳಿ. ನಿಮಗೂ ಆಸರೆ ಬೇಕು.

40 ದಾಟಿದ ಎಲ್ಲ ಮಹಿಳೆಯರಿಗೆ ಒಂದು ನೆನಪು: 74 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಮ್ಯಾಮೊಗ್ರಾಮ್ ಮಾಡಿಸಿ ಎಂಬುದು 2024ರ ರಾಷ್ಟ್ರೀಯ ಸಲಹೆ. ಮನೆಯಲ್ಲಿ ಯಾರಿಗಾದರೂ ಬಂದಿದ್ದರೆ ಬೇಗ ಶುರುಮಾಡಬೇಕೇ ಎಂದು ನಿಮ್ಮ ಡಾಕ್ಟರನ್ನು ಕೇಳಿ. ಗಂಟು ಕೈಗೆ ಸಿಕ್ಕರೆ ಎರಡು ವರ್ಷ ಆಗುವವರೆಗೆ ಕಾಯಬೇಡಿ.

8. ಇಂದು ನೀವು ಮಾಡಬಹುದಾದದ್ದು

ನೋಂದಣಿ ಮೇಜಿನಲ್ಲಿ ಎಲ್ಲ ಮಹಿಳೆಯರಿಗೂ ಒಂದೊಂದು ಲಕೋಟೆ ಕೊಡುತ್ತೇವೆ. ಒಳಗಿನ ಚೀಟಿಯಲ್ಲಿ ಮೂರು ಸಾಲುಗಳಿವೆ: "ಮಾತಾಡಲು ಒಬ್ಬರು ಬೇಕು", "ನಾನು ದಾಟಿ ಬಂದಿದ್ದೇನೆ, ಮಾತಾಡಲು ಸಿದ್ಧ", "ನನಗೆ ಅನ್ವಯಿಸುವುದಿಲ್ಲ". ಒಂದಕ್ಕೆ ಗುರುತು ಹಾಕಿ. ಮೊದಲೆರಡರಲ್ಲಿ ಒಂದಾದರೆ ನಿಮ್ಮ ಫೋನ್ ನಂಬರನ್ನೂ ಬರೆಯಿರಿ. ಲಕೋಟೆ ಮುಚ್ಚಿ ಪೆಟ್ಟಿಗೆಗೆ ಹಾಕಿ. ಎಲ್ಲರೂ ಹಾಕುವುದರಿಂದ ಯಾರು ಏನು ಬರೆದರೆಂದು ಯಾರಿಗೂ ತಿಳಿಯುವುದಿಲ್ಲ. ತೆರೆಯುವುದು ನಾನು ಮತ್ತು ಒಬ್ಬ ನರ್ಸ್ ಮಾತ್ರ. ಇಬ್ಬರೂ ಒಪ್ಪದೆ ಒಬ್ಬರ ನಂಬರ್ ಇನ್ನೊಬ್ಬರಿಗೆ ಹೋಗುವುದಿಲ್ಲ.

ಕಳೆದ ವರ್ಷದ ಆ ಮೂವರನ್ನು ನಾನು ಆಮೇಲೆ ಒಬ್ಬೊಬ್ಬರಾಗಿ, ಯಾರ ಹೆಸರೂ ಹೇಳದೆ, "ಇಂಥವರೊಬ್ಬರ ಜೊತೆ ಮಾತಾಡಲು ಇಷ್ಟವಿದೆಯೇ?" ಎಂದು ಕೇಳಿದೆ. ಇಬ್ಬರು ಹೂಂ ಎಂದರು. ಒಬ್ಬರನ್ನೊಬ್ಬರು ನೋಡಿದಾಗ "ಅಯ್ಯೋ, ನೀವಾ!" ಎಂದು ಇಬ್ಬರೂ ನಕ್ಕರು, ಆಮೇಲೆ ಬಹಳ ಹೊತ್ತು ಅತ್ತರು. ಈಗ ಕೀಮೋಗೆ ಹೋಗುವ ದಿನ ಒಬ್ಬರ ಕಾರಿನಲ್ಲಿ ಇನ್ನೊಬ್ಬರಿರುತ್ತಾರೆ. ಮೂರನೆಯವರು, "ಬೇಡ ಡಾಕ್ಟ್ರೇ. ನಾನು ರೋಗಿಯಲ್ಲದೆ ಇರೋ ಜಾಗ ಅಂದ್ರೆ ಈ ದೇವಸ್ಥಾನ ಒಂದೇ. ಅದು ಹಾಗೇ ಇರಲಿ" ಎಂದರು. ಅವರ ಮಾತೂ ಸರಿಯೇ. ಹೇಳಿಕೊಳ್ಳುವುದು ನಿಮ್ಮ ಹಕ್ಕು, ಹೇಳದಿರುವುದೂ ನಿಮ್ಮ ಹಕ್ಕು. ಬೇರೆ ಯಾರೂ ಇಲ್ಲ ಎಂಬ ಕಾರಣಕ್ಕೆ ಮಾತ್ರ ಸುಮ್ಮನಿರಬೇಡಿ. ಇದ್ದಾರೆ.

ಮನೆಯಲ್ಲಿ ಮಾತಾಡಿಕೊಳ್ಳಲು ಮೂರು ಪ್ರಶ್ನೆಗಳು

1. ನಮ್ಮ ಎರಡೂ ಕಡೆಯ ಕುಟುಂಬದಲ್ಲಿ ಯಾರಿಗೆ ಯಾವ ಕ್ಯಾನ್ಸರ್ ಬಂದಿತ್ತು, ಯಾವ ವಯಸ್ಸಿನಲ್ಲಿ? ಮಕ್ಕಳಿಗೆ ಅದು ಗೊತ್ತಿದೆಯೇ?
2. ಈ ಕಾಯಿಲೆ ನನಗೆ ಬಂದರೆ ಮೊದಲು ಯಾರಿಗೆ ಹೇಳುತ್ತೇನೆ?
3. ಪರಿಚಯದವರಿಗೆ ಬಂದಿದೆ ಎಂದು ತಿಳಿದರೆ ನಾನು ಮಾಡಿಕೊಡಬಲ್ಲ ಒಂದು ಸಣ್ಣ ಕೆಲಸ ಯಾವುದು?

ಎಲ್ಲರಿಗೂ ಆರೋಗ್ಯವಿರಲಿ.