ರೂಪ ನೋಡಿ ಕಲ್ಲಿಗೆ ಹೆಸರಿಡಬೇಡ

ಮಗಾ, ನೀನು ಭೂವಿಜ್ಞಾನ ಓದಲು ಹೊರಟಿದ್ದೀಯ. ಅಗ್ನಿಶಿಲೆಯ ಮೊದಲ ಪಾಠಕ್ಕೆ ನೀನು ದೂರ ಹೋಗಬೇಕಿಲ್ಲ, ನಮ್ಮ ಸಂತೆಕಟ್ಟೆಯ ಆಸುಪಾಸಿನಲ್ಲೇ ಬೇಕಾದಷ್ಟಿದೆ.

ಮನೆಯ ಗೋಡೆಯ ಮುರಕಲ್ಲು ಮಾತ್ರ ಆ ಜಾತಿಯದಲ್ಲ. ಅದರ ತೂತುಗಳನ್ನು ಕಂಡು ಲಾವಾದ ಗಾಳಿಗುಳ್ಳೆ ಅಂದುಕೊಳ್ಳುವವರಿದ್ದಾರೆ. ಹಳೆಯ ಬಂಡೆ ನಮ್ಮ ಮಳೆ-ಬಿಸಿಲಿಗೆ ಶಿಥಿಲವಾಗಿ, ಕರಗುವ ಅಂಶವೆಲ್ಲ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶ ಉಳಿದು ಆದ ಕಲ್ಲು ಅದು.

ಅಗ್ನಿಶಿಲೆ ಶಿಲಾಪಾಕ ತಣಿದು ಹುಟ್ಟುತ್ತದೆ. ಕಲ್ಲುಸಕ್ಕರೆಯ ಹಾಗೆ, ನಿಧಾನವಾದಷ್ಟೂ ಹರಳು ದೊಡ್ಡದು. 1432ರಲ್ಲಿ ನಿಲ್ಲಿಸಿದ 42 ಅಡಿಯ ಗೊಮ್ಮಟನನ್ನು ನೋಡಲು ಕಾರ್ಕಳದ ಬೆಟ್ಟ ಹತ್ತುವಾಗ ಕಾಲಡಿಯ ಬಂಡೆಯನ್ನೂ ನೋಡು. ಗ್ರಾನೈಟ್ ಜಾತಿಯ ಕಲ್ಲಿನಲ್ಲಿ ಗಾಜಿನಂಥ ಬೆಣಚು, ಬಿಳಿ ಅಥವಾ ನಸುಗೆಂಪು ಫೆಲ್ಡ್‌ಸ್ಪಾರ್, ಮಿನುಗುವ ಕಾಗೆಬಂಗಾರ ಬರಿಗಣ್ಣಿಗೇ ಬೇರೆಬೇರೆಯಾಗಿ ಕಾಣುತ್ತವೆ. ಕಾಳು ಅಷ್ಟು ದಪ್ಪವಿದ್ದರೆ ಅದು ನೆಲದಾಳದಲ್ಲಿ, ಲಕ್ಷಾಂತರ ವರ್ಷ ತಣಿದ ಕಲ್ಲು.

ಆಮೇಲೆ ಮಲ್ಪೆಯಿಂದ ಬೋಟು ಹಿಡಿದು ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗು, ನಮ್ಮವರು ತೋನ್ಸೆಪಾರ್ ಎನ್ನುವುದು ಅದನ್ನೇ. ಅಲ್ಲಿನ ಕಲ್ಲುಕಂಬಗಳು ಐದು, ಆರು, ಏಳು ಮುಖದವು. ಹರಿದು ನಿಂತ ಲಾವಾ ತಣಿಯುತ್ತ ಕುಗ್ಗಿತು; ಮೇಲ್ಮೈಯಲ್ಲಿ ಎದ್ದ ಬಿರುಕು ತಂಪು ಒಳಗಿಳಿದಂತೆ ತಾನೂ ಇಳಿಯಿತು, ಕಂಬಗಳು ಸೀಳಿಕೊಂಡವು. ಕಂಬ ಕಂಡಕೂಡಲೇ ಹೆಚ್ಚಿನವರು ಬಸಾಲ್ಟ್ ಅಂದುಬಿಡುತ್ತಾರೆ. ನೀನು ಹಾಗನ್ನಬೇಡ. ಕಂಬವಾಗುವುದು ತಣಿಯುವ ರೀತಿಯಿಂದ. ಕಲ್ಲಿನ ಜಾತಿ ತಿಳಿಯಬೇಕಾದರೆ ಅದರೊಳಗೆ ಏನಿದೆ ಎಂದು ನೋಡಬೇಕು. ಬಸಾಲ್ಟಿನಲ್ಲಿ ಸಿಲಿಕಾ ನೂರಕ್ಕೆ 50ರ ಆಸುಪಾಸು. ಇಲ್ಲಿಯದು ಸಿಲಿಕಾ ಹೆಚ್ಚಿರುವ ರಯೋಲೈಟ್, ಡೇಸೈಟ್ ಬಳಗದ್ದು. ರಾಸಾಯನಿಕವಾಗಿ ಬಸಾಲ್ಟಿಗಿಂತ ಗ್ರಾನೈಟಿಗೇ ಹತ್ತಿರದ ನೆಂಟ, ತಣಿದದ್ದು ಮಾತ್ರ ನೆಲದ ಮೇಲೆ, ಬೇಗ.

ಭೂತಗನ್ನಡಿ ಹಿಡಿದು ಒಂದು ಕಂಬಕ್ಕೆ ಮುಖವಿಟ್ಟು ನೋಡು. ನುಣುಪಾದ, ಕಾಳೇ ಕಾಣದ ಮೈಯಲ್ಲಿ ಅಲ್ಲಲ್ಲಿ ಫೆಲ್ಡ್‌ಸ್ಪಾರಿನ ಹರಳು ಕೂತಿರುತ್ತದೆ. ಹರಳು ಆಳದಲ್ಲೇ ಬೆಳೆಯತೊಡಗಿತ್ತು, ಉಳಿದ ಪಾಕ ಹೊರಬಂದ ಮೇಲೆ ಗಟ್ಟಿಯಾಯಿತು. ಒಂದೇ ಕಲ್ಲಿನಲ್ಲಿ ಎರಡು ಕಾಲ ಹೀಗೆ ಓದಲು ಸಿಗುವುದು ನನಗೆ ಇವತ್ತಿಗೂ ಬೆರಗು. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ಕರಾವಳಿಯಿಂದ ಬೇರ್ಪಡುವಾಗ ಉಕ್ಕಿದ ಲಾವಾ ಇದು. ಅದೇ ಕಾಲದ ಲಾವಾ ಮಡಗಾಸ್ಕರಿನಲ್ಲೂ ಇದೆ.

ಮಳೆಗಾಲದಲ್ಲಿ ಬೋಟು ಇರುವುದಿಲ್ಲ, ಮಳೆ ಕಳೆದ ಮೇಲೆ ಹೋಗು. ಸುತ್ತಿಗೆ ಮನೆಯಲ್ಲೇ ಇರಲಿ. ಆ ದ್ವೀಪ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಒಂದು ಚೂರೂ ಒಡೆಯಬಾರದು, ತರಬಾರದು. ಕಂಬದ ಚಿತ್ರ ಬರೆದುಕೊಂಡು ಬಾ, ಪಕ್ಕದಲ್ಲಿ ಅಳತೆ ಇರಲಿ.