ಕಡಿಮೆ ದುಡ್ಡಿಗೆ ಒಳ್ಳೆಯ ಕುದುರೆ

ಚಿರಂಜೀವಿ ಪುಟ್ಟಿಗೆ,

ಶೋ ಜಂಪಿಂಗ್‌ಗೆ ಸ್ವಂತ ಕುದುರೆ ಬೇಕು, ಆದರೆ ಅಪ್ಪನ ಕೈಯಲ್ಲಿ ಅಷ್ಟು ಹಣವಿಲ್ಲ ಎಂದು ಬರೆದಿದ್ದೀಯ. ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದ ಈವೆಂಟಿಂಗ್‌ನಲ್ಲಿ ಬೆಳ್ಳಿ ಗೆದ್ದಾಗ ಏರಿದ್ದು ಸೆನ್ಯೂರ್ ಮೆಡಿಕಾಟ್ ಎಂಬ ಕುದುರೆಯನ್ನು. ಟೋಕಿಯೊ ಒಲಿಂಪಿಕ್ಸ್‌ಗೂ ಅದೇ. ಅಂಥ ಯುರೋಪಿನ ಕುದುರೆಗೆ ಪ್ರಾಯೋಜಕರೇ ಬೇಕು. ನೀನು ರೇಸ್‌ಕೋರ್ಸಿನ ಲಾಯಗಳಲ್ಲಿ ವಿಚಾರಿಸು. ಅಲ್ಲಿ ಗೆಲ್ಲದ ಥರೋಬ್ರೆಡ್‌ಗಳು ಎಷ್ಟೋ ಸಲ ನಾಲ್ಕೈದು ವರ್ಷಕ್ಕೇ ನಿವೃತ್ತಿಯಾಗುತ್ತವೆ. ಮಾಲೀಕರಿಗೆ ಮೇವಿನ ಖರ್ಚೇ ಹೊರೆ. ಒಳ್ಳೆಯವರ ಕೈ ಸೇರಲಿ ಎಂದು ತೀರಾ ಕಡಿಮೆಗೆ ಕೊಟ್ಟುಬಿಡುವವರೂ ಇದ್ದಾರೆ. ಓಟದಲ್ಲಿ ಹಿಂದೆ ಬಿದ್ದದ್ದು ಜಿಗಿತದಲ್ಲೂ ಹಿಂದೆ ಬೀಳಬೇಕೆಂದಿಲ್ಲ.

ನೋಡಲು ಬೆಳಗ್ಗೆ ಬೇಗ ಹೋಗು, ಕುದುರೆಯನ್ನು ಹೊರಗೆ ತರುವ ಮೊದಲೇ. ಮೈ ಬೆಚ್ಚಗಾದರೆ ಸಣ್ಣಪುಟ್ಟ ಕುಂಟು ಮರೆಯಾಗಿಬಿಡುತ್ತದೆ. ಮುಂಗಾಲಿನ ಹಿಂಬದಿಯಲ್ಲಿ, ಮಂಡಿಯಿಂದ ಕೆಳಕ್ಕೆ, ಟೆಂಡನ್ ಮೇಲೆ ನಿಧಾನವಾಗಿ ಬೆರಳಾಡಿಸು. ತಣ್ಣಗೆ, ಬಿಗಿಯಾಗಿ, ನೆಟ್ಟಗಿರಬೇಕು. ಬಿಲ್ಲಿನಂತೆ ಉಬ್ಬಿದ್ದರೆ, ಒಂದು ಕಾಲು ಇನ್ನೊಂದಕ್ಕಿಂತ ಬಿಸಿಯಿದ್ದರೆ, ಬೆಲೆ ಕೇಳದೆ ವಾಪಸ್ ಬಾ. ಆಮೇಲೆ ಕುದುರೆ ನೋಡಿಕೊಳ್ಳುವ ಸೈಸ್ ಅದನ್ನು ಗಟ್ಟಿ ನೆಲದ ಮೇಲೆ, ಹಗ್ಗ ಸಡಿಲ ಬಿಟ್ಟು ಟ್ರಾಟ್ ಮಾಡಿಸಲಿ. ಆಗ ತಲೆಯ ಮೇಲೆ ಕಣ್ಣಿಡು. ನೋವಿರುವ ಮುಂಗಾಲು ಊರಿದಾಗ ತಲೆ ಮೇಲೇಳುತ್ತದೆ, ಒಳ್ಳೆಯ ಕಾಲು ಊರಿದಾಗ ಇಳಿಯುತ್ತದೆ. ಹಗ್ಗ ಬಿಗಿ ಹಿಡಿದರೆ ಇದು ಕಾಣುವುದೇ ಇಲ್ಲ.

ಬಣ್ಣಕ್ಕೆ, ಹಣೆಯ ಚುಕ್ಕೆಗೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡ. ಸುಳಿ ಸರಿಯಿಲ್ಲವೆಂದು ಒಳ್ಳೆಯ ಕುದುರೆಯನ್ನೇ ಬೇಡವೆನ್ನುವವರಿದ್ದಾರೆ. ಅಂಥದ್ದು ಸಿಕ್ಕರೆ ನಿನ್ನ ಪುಣ್ಯ.

ಪರೀಕ್ಷೆಗೆ ಮಾರುವವರ ವೈದ್ಯರು ಬೇಡ, ನಿನ್ನ ಕಡೆಯವರೇ ಇರಲಿ. ಎಕ್ಸ್‌ರೇಗೂ, ನೋವುನಿವಾರಕ ಕೊಟ್ಟು ನಿಲ್ಲಿಸಿದ್ದಾರೆಯೇ ಎಂದು ತಿಳಿಸುವ ರಕ್ತಪರೀಕ್ಷೆಗೂ ಕೈ ಬಿಗಿ ಹಿಡಿಯಬೇಡ. ಗ್ಲ್ಯಾಂಡರ್ಸ್ ಪರೀಕ್ಷೆಯ ವರದಿಯನ್ನು ಕೇಳಿಯೇ ಪಡೆ. ಅದು ಮನುಷ್ಯರಿಗೂ ಅಂಟುವ ರೋಗ. ದೃಢಪಟ್ಟರೆ ಕಾನೂನಿನ ಪ್ರಕಾರ ಕುದುರೆಯನ್ನು ಕೊಲ್ಲಲೇಬೇಕು.

ಇದ್ದ ಹಣವನ್ನೆಲ್ಲ ಬೆಲೆಗೇ ಸುರಿಯಬೇಡ, ಪುಟ್ಟಿ. ಲಾಯದ ಬಾಡಿಗೆ, ಸೈಸ್ ಸಂಬಳ, ಹುಲ್ಲು, ಹುರುಳಿ, ಐದಾರು ವಾರಕ್ಕೊಮ್ಮೆ ಲಾಳ, ಎಲ್ಲವೂ ಕುದುರೆ ಸುಮ್ಮನೆ ನಿಂತಿದ್ದರೂ ತಪ್ಪದ ಖರ್ಚು. ಒಂದು ವರ್ಷದ ಸಾಕಣೆಗೆ ಮೊದಲು ಎತ್ತಿಡು. ಉಳಿದದ್ದರಲ್ಲಿ ಹುಡುಕು.

ಮತ್ತೊಂದು ಮಾತು. ಲಗಾಮು ಬಿಗಿಯಾದರೆ ರೇಸಿನ ಕುದುರೆ ಅದಕ್ಕೆ ಒರಗಿ ಇನ್ನೂ ಜೋರಾಗಿ ಓಡುತ್ತದೆ. ಜಾಕಿ ಕಾಲು ಮಡಚಿ ಮೇಲೆ ಕೂರುವುದರಿಂದ, ಪಕ್ಕೆಗೆ ತಾಗುವ ಕಾಲಿನ ಸೂಚನೆ ಅದಕ್ಕೆ ಹೊಸದು. ಅದಕ್ಕೇ ಕೊಂಡ ಮೇಲೆ ಎರಡು ಮೂರು ತಿಂಗಳು ಬಯಲಲ್ಲಿ ಮೇಯಲಿ. ಆಮೇಲೆ ಬರೀ ನಡಿಗೆ, ನೆಲಕ್ಕಿಟ್ಟ ಕೋಲುಗಳನ್ನು ದಾಟುವುದು, ಅಷ್ಟೇ. ಈ ವರ್ಷವೇ ಸ್ಪರ್ಧೆಗೆ ಇಳಿಯುವ ಆಸೆಯಿದ್ದರೆ ರೇಸಿನ ಕುದುರೆ ಬೇಡ. ಮೈದಾನ ಕಂಡ, ವಯಸ್ಸಾದ, ಶಾಂತ ಕುದುರೆಯೊಂದನ್ನು ಲೀಸಿಗೆ ಹಿಡಿ. ಅಂಥದ್ದರ ಬೆನ್ನ ಮೇಲೆ ನೀನು ಬೇಗ ಕಲಿಯುತ್ತೀಯ.

ಯಾವುದಾದರೂ ಮನಸ್ಸಿಗೆ ಬಂದರೆ, ಅಡ್ವಾನ್ಸ್ ಕೊಡುವ ಮೊದಲು ಫೋನ್ ಮಾಡು. ನಾನೂ ಬಂದು ನೋಡುತ್ತೇನೆ.

ಇತಿ,
ನಿನ್ನ ಸೋದರಮಾವ