ಭೂ ಬಳಕೆಯ ಪಾಠ: ಸೊಪ್ಪಿನಬೆಟ್ಟ ಯಾವ ಕಲಮಿಗೆ?

‘ಭೂ ಬಳಕೆ’ ಘಟಕವನ್ನು ಅಭ್ಯಾಸ ಬೋಧನೆಗೆ ಆರಿಸಿಕೊಳ್ಳುವ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ವೃತ್ತನಕ್ಷೆಯಿಂದಲೇ ಆರಂಭಿಸುತ್ತಾರೆ: ಅರಣ್ಯ, ನಿವ್ವಳ ಸಾಗುವಳಿ, ಬೀಳು ಭೂಮಿ ಇತ್ಯಾದಿ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಈ ಕ್ರಮವನ್ನು ತಿರುಗಿಸುವುದು ಒಳಿತು. ಮೊದಲು ಊರಿನ ಅಡ್ಡಕೊಯ್ತದ ಚಿತ್ರ, ಆಮೇಲೆ ವರ್ಗೀಕರಣ.

ಮೇಲೆ ಕಾನು, ಅದರ ಕೆಳಗೆ ಸೊಪ್ಪಿನಬೆಟ್ಟ, ಬ್ಯಾಣ, ಇಳಿಜಾರು ಮುಗಿಯುವಲ್ಲಿ ಮನೆ, ಕೊಟ್ಟಿಗೆ, ಕಣಿವೆಯಲ್ಲಿ ಅಡಿಕೆ ತೋಟ, ಗದ್ದೆ, ಹಳ್ಳ. ಕಪ್ಪುಹಲಗೆಯ ಮೇಲೆ ಐದು ನಿಮಿಷದ ಕೆಲಸ. ನಂತರ ಕೇಳಿ: ‘ಬೆಟ್ಟ ಬೋಳಾದರೆ ತೋಟಕ್ಕೇನು?’ ಉತ್ತರ ಮಕ್ಕಳಲ್ಲೇ ಇದೆ. ಕೊಟ್ಟಿಗೆಗೆ ಹಾಸಲು ಸೊಪ್ಪಿಲ್ಲ, ಗೊಬ್ಬರವಿಲ್ಲ, ಬೇಸಿಗೆಯಲ್ಲಿ ಅಡಿಕೆ ಮರದ ಬುಡಕ್ಕೆ ಮುಚ್ಚಿಗೆಯಿಲ್ಲ.

ಈಗ ವರ್ಗೀಕರಣಕ್ಕೆ ಬನ್ನಿ. ಅಡಿಕೆ ತೋಟ ನಿವ್ವಳ ಸಾಗುವಳಿಗೆ ಸೇರುತ್ತದೆ. ಸೊಪ್ಪಿನಬೆಟ್ಟ? ಜಮೀನು ಸರ್ಕಾರದ್ದು, ಸೊಪ್ಪು ದರಗು ತರುವ ಹಕ್ಕು ತೋಟದವರದ್ದು. ಅರಣ್ಯವೋ, ಕೃಷಿಯ ಅಂಗವೋ ಎಂದು ತರಗತಿ ವಾದಿಸಲಿ. ಶಿಕ್ಷಕರು ಅವಸರದಲ್ಲಿ ತೀರ್ಪು ಕೊಡಬಾರದು. ಅರಣ್ಯ ಇಲಾಖೆಯ ಅಕೇಶಿಯಾ ನೆಡುತೋಪಿಗೂ ಕಾನಿಗೂ ಪಠ್ಯದ ನಕ್ಷೆಯಲ್ಲಿ ಒಂದೇ ಹಸಿರು. ದನ ಮೇಯಿಸುವವರು ಇದನ್ನು ಒಪ್ಪುವುದಿಲ್ಲ!

ಹೆಚ್ಚು ಎಚ್ಚರ ಬೇಕಾದದ್ದು ನೀರಿನ ವಿಷಯದಲ್ಲಿ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟಾಯಿತು. ಸಾಗರ, ಹೊಸನಗರ ತಾಲ್ಲೂಕುಗಳ ಅನೇಕ ಹಳ್ಳಿಗಳು ಮುಳುಗಿದವು. ರಸ್ತೆ, ಕಟ್ಟಡಗಳ ಜೊತೆಗೆ ನೀರು ನಿಂತ ಜಾಗವೂ ‘ಕೃಷಿಯೇತರ ಬಳಕೆ’ಯೇ ಆದ್ದರಿಂದ ಗದ್ದೆ, ತೋಟ, ಕಾನು ಎಲ್ಲವೂ ಆ ಒಂದೇ ಕಲಮಿಗೆ ಹೋದವು. ಎದ್ದು ಬಂದವರಿಗೆ ತೋರಿಸಿದ್ದು ಬಹುಪಾಲು ಅರಣ್ಯ ಭೂಮಿ. ಅರ್ಧ ಶತಮಾನ ಕಳೆದ ಮೇಲೂ ಹಲವು ಕುಟುಂಬಗಳಿಗೆ ಅದರ ಹಕ್ಕುಪತ್ರ ಸಿಕ್ಕಿರಲಿಲ್ಲ. ದಾಖಲೆಯಲ್ಲಿ ಕಾಡು, ಕಣ್ಣೆದುರಿಗೆ ಗದ್ದೆ.

ಆದ್ದರಿಂದ ‘ನಾಳೆ ನಿಮ್ಮ ಮನೆಯ ಪಹಣಿ ತನ್ನಿ’ ಎಂಬ ಚಟುವಟಿಕೆಯನ್ನು ಪಾಠಯೋಜನೆಯಿಂದ ತೆಗೆಯಿರಿ. ಸಂತ್ರಸ್ತರ ಮನೆಯ ಮಗು, ಬಗರ್‌ಹುಕುಂ ಸಾಗುವಳಿದಾರರ ಮಗು, ಕೂಲಿಯವರ ಮಗು ಬರಿಗೈಯಲ್ಲಿ ಬಂದು ನಿಲ್ಲುತ್ತದೆ. 1951ರಲ್ಲಿ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ ಸೀಮೆಯಿದು. ‘ಜಮೀನು ಯಾರದು’ ಎಂಬುದು ಇಲ್ಲಿ ಬರೀ ಮಾಹಿತಿಯ ಪ್ರಶ್ನೆಯಲ್ಲ.

ಪಹಣಿಯ ಬದಲು ಗ್ರಾಮನಕ್ಷೆಯನ್ನು ಬಳಸಿ. ಅದರಲ್ಲಿ ಸರ್ವೆ ನಂಬರು, ಹಳ್ಳ, ದಾರಿಗಳಿರುತ್ತವೆ, ಮಾಲೀಕರ ಹೆಸರಿರುವುದಿಲ್ಲ. ನಾಲ್ಕೈದು ಮಕ್ಕಳ ಗುಂಪಿಗೊಂದು ಪ್ರತಿ ಕೊಟ್ಟು, ನೋಡಿ ಬಂದ ಬಳಕೆಗೆ ಬಣ್ಣ ಹಚ್ಚಿಸಿ. ಹಿನ್ನೀರಿನ ಅಂಚಿನ ಊರಾದರೆ ಮಳೆಗಾಲಕ್ಕೊಂದು, ಬೇಸಿಗೆಗೊಂದು ನಕ್ಷೆ ಬೇಕು. ಮೌಲ್ಯಮಾಪನಕ್ಕೆ ಒಂದು ಪ್ರಶ್ನೆ ಸಾಕು: ನಿಮ್ಮ ನಕ್ಷೆಯ ಯಾವ ತುಂಡು ಪಠ್ಯದ ಯಾವ ಕಲಮಿಗೂ ಸರಿಯಾಗಿ ಕೂರುವುದಿಲ್ಲ, ಏಕೆ?